ತೋಡಿಗೆ ಕಟ್ಟ: ಗ್ರಾಮಸಭೆಯ ಅರ್ಜಿಯಿಂದ ಪತ್ತನಾಜೆಯವರೆಗೆ

ಗ್ರಾಮಸಭೆಯಲ್ಲಿ ಎದ್ದು ನಿಂತು "ನಮ್ಮ ತೋಡಿಗೊಂದು ಕಟ್ಟ ಬೇಕು" ಎಂದರೆ, ಅಂದರೆ ಹಳ್ಳಕ್ಕೆ ಅಡ್ಡಲಾಗಿ ನೀರು ನಿಲ್ಲಿಸುವ ಒಡ್ಡು ಕೇಳಿದರೆ, ಮಿನಿಟ್ಸ್ ಪುಸ್ತಕದಲ್ಲಿ ಒಂದು ಸಾಲು ಸೇರುತ್ತದೆ, ಅಷ್ಟೆ. ಆ ಸಾಲಿನಲ್ಲಿ ತೋಡು ಯಾವುದು, ಎರಡು ದಡಗಳ ಜಾಗ ಯಾರದು, ನೀರು ಎಷ್ಟು ದೂರ ಹಿಂದಕ್ಕೆ ನಿಲ್ಲುತ್ತದೆ, ಎಷ್ಟು ಬಾವಿಗಳಿಗೆ ಉಪಕಾರ, ಹಲಗೆ ಹಾಕುವವರು ಯಾರು ಎಂಬುದೊಂದೂ ಇರುವುದಿಲ್ಲ. ಇವಿಷ್ಟೂ ಇದ್ದ ಒಂದು ಪುಟ ಕೈಯಲ್ಲಿದ್ದರೆ ಅದೇ ಬೇಡಿಕೆ ಯೋಜನೆಯಾಗುತ್ತದೆ. ಬರಿಗೈಯಲ್ಲಿ ಹೋದರೆ ಮುಂದಿನ ವರ್ಷವೂ ಅದೇ ಸಾಲು, ಅದೇ ಪುಸ್ತಕ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಕೇರಳದ 44 ನದಿಗಳಲ್ಲಿ 12 ಈ ಪುಟ್ಟ ಜಿಲ್ಲೆಯಲ್ಲೇ ಇವೆ. ಆದರೂ ಫೆಬ್ರವರಿ ದಾಟಿದರೆ ತೋಟದ ಕೆರೆ ತಳ ಕಾಣುತ್ತದೆ. ಗುಡ್ಡೆಗಳು ಇಳಿಜಾರು, ತೋಡುಗಳು ಗಿಡ್ಡ, ಬಿದ್ದ ನೀರು ಸಮುದ್ರ ಸೇರಲು ಬಹಳ ಹೊತ್ತು ಬೇಡ. ಹಾಗಾಗಿಯೇ ಇಲ್ಲಿ ಕಲ್ಲು-ಮಣ್ಣಿನ ಕಟ್ಟಗಳ ಪದ್ಧತಿ ಬೆಳೆದದ್ದು. ಕುಂಬ್ಡಾಜೆ ಪಂಚಾಯತಿನ ಏತಡ್ಕದಂಥ ಕಡೆ ಒಂದೇ ತೋಡಿಗೆ ಒಂದರ ಕೆಳಗೊಂದು ಸರಣಿಯಾಗಿ ಕಟ್ಟ ಹಾಕುವ ರೂಢಿ ಹೆಸರುವಾಸಿ.

ಲೆಕ್ಕ ಮೊದಲು, ಅರ್ಜಿ ಆಮೇಲೆ

ಜಾಗ ಆರಿಸುವಾಗ ತೋಡು ಕಿರಿದಾಗಿ, ಎರಡೂ ದಡ ಎತ್ತರವಾಗಿ, ತಳದಲ್ಲಿ ಬಂಡೆಯೋ ಗಟ್ಟಿ ಮುರಕಲ್ಲೋ ಇರುವಲ್ಲಿ ನಿಲ್ಲಿ. ಕಬ್ಬಿಣದ ಸಲಾಕೆಯಿಂದ ತಳವನ್ನು ನಾಲ್ಕಾರು ಕಡೆ ಚುಚ್ಚಿ ನೋಡಿ. ಎರಡು ಅಡಿ ಸಲೀಸಾಗಿ ಇಳಿದರೆ ಅದು ಮರಳು. ಅಂಥ ಕಡೆ ಕಟ್ಟದ ಅಡಿಯಿಂದಲೇ ನೀರು ಹೋಗುತ್ತದೆ, ಮೇಲೆ ಎಷ್ಟು ಗೋಣಿ ಪೇರಿಸಿದರೂ ವ್ಯರ್ಥ. ತಿರುವಿನಲ್ಲೂ ಬೇಡ, ತಿರುವಿನ ಹೊರಬದಿಯ ದಡವನ್ನು ನೀರು ಮೊದಲೇ ಕೊರೆದಿರುತ್ತದೆ.

ಮುಂದೆ ಇಳಿಜಾರು. ಒಳಗಿನ ನೀರು ಕಾಣುವ ಪ್ಲಾಸ್ಟಿಕ್ ಟ್ಯೂಬಿನಲ್ಲಿ ನೀರು ತುಂಬಿಸಿ, ಮೇಸ್ತ್ರಿಗಳು ಮಟ್ಟ ನೋಡುವ ಹಾಗೆ, 20 ಮೀಟರಿನ ಐದು ಹಂತಗಳಲ್ಲಿ 100 ಮೀಟರ್ ಅಳೆಯಿರಿ. 100 ಮೀಟರಿಗೆ ಅರ್ಧ ಮೀಟರ್ ಇಳಿಜಾರು ಸಿಕ್ಕಿತೆನ್ನಿ. 1.2 ಮೀಟರ್ ಎತ್ತರದ ಕಟ್ಟ ಹಾಕಿದರೆ ನೀರು 240 ಮೀಟರ್ ಹಿಂದಕ್ಕೆ ನಿಲ್ಲುತ್ತದೆ. ತೋಡಿನ ಅಗಲ 6 ಮೀಟರ್ ಆದರೆ ನಿಲ್ಲುವ ನೀರು ಎತ್ತರ, ಉದ್ದ, ಅಗಲಗಳ ಗುಣಾಕಾರದ ಅರ್ಧ: 864 ಘನ ಮೀಟರ್, ಅಂದರೆ 8,64,000 ಲೀಟರ್.

ಹರಿವು ನೋಡಲು 10 ಮೀಟರ್ ನೇರ ಭಾಗದಲ್ಲಿ ಒಣ ಅಡಿಕೆಯೊಂದನ್ನು ತೇಲಿಬಿಟ್ಟು ಸಮಯ ಹಿಡಿಯಿರಿ, ಮೂರು ಸಲ. ಅಗಲ 3 ಮೀಟರ್, ಸರಾಸರಿ ಆಳ 20 ಸೆಂಟಿಮೀಟರ್, ಸಮಯ 50 ಸೆಕೆಂಡ್ ಆದರೆ ಮೇಲಿನ ವೇಗ ಸೆಕೆಂಡಿಗೆ 0.2 ಮೀಟರ್. ತಳದ ನೀರು ಮೇಲಿನಷ್ಟು ಓಡುವುದಿಲ್ಲ, ಆದ್ದರಿಂದ 0.7ರಿಂದ ಗುಣಿಸಬೇಕು. ಲೆಕ್ಕ ಸೆಕೆಂಡಿಗೆ 84 ಲೀಟರಿಗೆ ಬಂದು ನಿಲ್ಲುತ್ತದೆ. ಈ ಹರಿವಿನಲ್ಲಿ ಮೇಲಿನ ಕಟ್ಟ ಮೂರೇ ಗಂಟೆಯಲ್ಲಿ ತುಂಬುತ್ತದೆ. ಅದೇ ತೋಡಿನಲ್ಲಿ ಹರಿವು ಸೆಕೆಂಡಿಗೆ 5 ಲೀಟರಿಗೆ ಇಳಿದ ಮೇಲೆ ಕಟ್ಟಿದರೆ ಎರಡು ದಿನ ಬೇಕು, ಇಂಗುವುದನ್ನು ಸೇರಿಸಿದರೆ ತುಂಬುವುದೇ ಸಂಶಯ.

ಈ ಲೆಕ್ಕದಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಮೂರು ಗಂಟೆಯಲ್ಲಿ ತುಂಬುವ ನೀರು ದೊಡ್ಡ ದಾಸ್ತಾನೇನೂ ಅಲ್ಲ. ಕಟ್ಟದ ಉಪಕಾರ ನಿಂತ ನೀರಿನಲ್ಲಲ್ಲ, ತಿಂಗಳುಗಟ್ಟಲೆ ಒಂದೇ ಮಟ್ಟದಲ್ಲಿ ನಿಂತು ದಡದ ಮಣ್ಣಿಗೆ ಇಳಿಯುವ ನೀರಿನಲ್ಲಿದೆ. ಅರ್ಜಿಯಲ್ಲಿ ಲೀಟರ್ ಲೆಕ್ಕವೊಂದನ್ನೇ ಬರೆದರೆ ಎಂಜಿನಿಯರಿಗೆ ಸಣ್ಣದಾಗಿ ಕಾಣುತ್ತದೆ. ಅದರ ಜೊತೆಗೆ ಎರಡೂ ದಡದ 200 ಮೀಟರ್ ಒಳಗಿರುವ ಬಾವಿಗಳ ಪಟ್ಟಿ ಮಾಡಿ, ಪ್ರತಿ ಬಾವಿಯ ಕಟ್ಟೆಯಿಂದ ನೀರಿನವರೆಗಿನ ಆಳವನ್ನು ಡಿಸೆಂಬರ್, ಫೆಬ್ರವರಿ, ಏಪ್ರಿಲ್ ತಿಂಗಳ ಒಂದೇ ತಾರೀಕಿಗೆ ಅಳೆದು ಬರೆದಿಡಿ. ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟರೂ ಸಾಕು. ಬೆಳಿಗ್ಗೆ ಪಂಪ್ ಹಾಕುವ ಮೊದಲೇ ಅಳೆಯಬೇಕು, ಇಲ್ಲವಾದರೆ ಅಂಕಿ ಸುಳ್ಳಾಗುತ್ತದೆ.

ಗ್ರಾಮಸಭೆಯಲ್ಲಿ

1994ರ ಕೇರಳ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ. ಕರ್ನಾಟಕದ ನೆಂಟರು ಹೇಳುವ ಗ್ರಾಮಸಭೆಗೂ ಇದಕ್ಕೂ ಗೊಂದಲ ಬೇಡ: ಇಲ್ಲಿ ವಾರ್ಡಿನ ಮತದಾರರೆಲ್ಲರೂ ಸದಸ್ಯರು, ಕರೆಯುವವರು ವಾರ್ಡು ಮೆಂಬರ್, ಅಧ್ಯಕ್ಷತೆ ಪಂಚಾಯತು ಅಧ್ಯಕ್ಷರದ್ದು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸತತ ಎರಡು ಸಲ ಕರೆಯದೆ ಬಿಟ್ಟರೆ ಮೆಂಬರ ಸ್ಥಾನಕ್ಕೇ ಕುತ್ತು ಬರಬಹುದು. ಕೋರಂ ಮತದಾರರ 10 ಶೇಕಡ. ಅಷ್ಟು ಜನ ಸೇರದೆ ಮುಂದೂಡಿ ಮತ್ತೆ ಕರೆದರೆ 50 ಜನ ಸಾಕು. ಹಾಗೆಯೇ 10 ಶೇಕಡ ಮತದಾರರು ಅಜೆಂಡಾ ಸಹಿತ ಬರೆದು ಸಹಿ ಹಾಕಿ ಕೊಟ್ಟರೆ 15 ದಿನದೊಳಗೆ ವಿಶೇಷ ಸಭೆ ಕರೆಯಬೇಕು. ವಾರ್ಡಿನಲ್ಲಿ 1,100 ಮತದಾರರಿದ್ದರೆ 110 ಸಹಿ. ಮತದಾರ ಪಟ್ಟಿಯ ಕ್ರಮಸಂಖ್ಯೆಯನ್ನೂ ಸಹಿಯ ಪಕ್ಕ ಬರೆಸಿ, ಆಗ ಪರಿಶೀಲನೆಯ ಹೆಸರಲ್ಲಿ ದಿನ ದೂಡಲು ಬರುವುದಿಲ್ಲ.

ಯಾವ ಗ್ರಾಮಸಭೆಗೆ ಹೋಗಬೇಕೆಂಬುದೂ ಮುಖ್ಯ. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಮುಂದಿನ ವರ್ಷದ ವಾರ್ಷಿಕ ಯೋಜನೆಗೆ ಅದಕ್ಕೆ ಮೊದಲೇ ವರ್ಕಿಂಗ್ ಗ್ರೂಪ್ ಸೇರಿ, ಗ್ರಾಮಸಭೆ ನಡೆದು, ವಿಕಸನ (ಅಭಿವೃದ್ಧಿ) ಸೆಮಿನಾರ್ ಆಗಿ, ಪಂಚಾಯತು ಆಡಳಿತ ಸಮಿತಿ ಒಪ್ಪಿ, ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರಕ್ಕೆ ಹೋಗುತ್ತದೆ. ಊರಿನ ಯೋಜನೆಯನ್ನು ಊರವರೇ ರೂಪಿಸುವ 1996ರ ಜನಕೀಯ ಯೋಜನೆಯಿಂದ ಬಂದ ಈ ಸರದಿ ಈಗಲೂ ಹೆಚ್ಚುಕಡಿಮೆ ಹೀಗೆಯೇ ಇದೆ. ತಾರೀಕು ಮಾತ್ರ ವರ್ಷ ವರ್ಷ ಬದಲಾಗುತ್ತದೆ, ಪಂಚಾಯತು ಕಛೇರಿಯ ಪ್ಲಾನ್ ಕ್ಲರ್ಕನ್ನು ಓಣಂ ಕಳೆದ ಕೂಡಲೇ ವಿಚಾರಿಸಿಡಿ. ಫಲಾನುಭವಿಗಳ ಪಟ್ಟಿ ಓದಲೆಂದೇ ಕರೆದ ಸಭೆಯಲ್ಲಿ ಕಟ್ಟದ ವಿಷಯ ಎತ್ತಿದರೆ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿ ಬಂದವರೆಲ್ಲ ತಮ್ಮ ಹೆಸರು ಬಂತೋ ಎಂದು ಕಿವಿಗೊಟ್ಟಿರುತ್ತಾರೆ.

ಗ್ರಾಮಸಭೆಗಿಂತ ಮೊದಲೇ ಕೃಷಿ-ನೀರಾವರಿಯ ವರ್ಕಿಂಗ್ ಗ್ರೂಪಿನವರಿಗೆ ಪುಟದ ಒಂದು ಪ್ರತಿ ತಲುಪಿಸಿ. ಕೃಷಿಭವನದ ಅಧಿಕಾರಿಗೂ ಒಂದು ಕೊಡಿ. ಯೋಜನೆಯ ಕರಡು ಹುಟ್ಟುವುದೇ ಆ ಗುಂಪಿನಲ್ಲಿ, ಗ್ರಾಮಸಭೆಯಲ್ಲಿ ಚರ್ಚೆಗೆ ಬರುವುದು ಬಹಳಮಟ್ಟಿಗೆ ಆ ಕರಡೇ. ವಾರ್ಡಿನ ಕುಟುಂಬಶ್ರೀ ಎಡಿಎಸ್ (ಮಹಿಳಾ ಸಂಘಗಳ ವಾರ್ಡು ಮಟ್ಟದ ಒಕ್ಕೂಟ) ಸಭೆಯಲ್ಲಿ ಮೊದಲು ಮಾತಾಡಿದರೆ ಇನ್ನೂ ಒಳ್ಳೆಯದು. ಗ್ರಾಮಸಭೆಗೆ ಜನ ಕರೆತರುವವರು ಹೆಂಗಸರು, ಬಾವಿ ಬತ್ತಿದಾಗ ಕೊಡ ಹೊರುವವರೂ ಅವರೇ.

ಪುಟದಲ್ಲಿ ಏನಿರಬೇಕು

ವಾರ್ಡು ಸಂಖ್ಯೆ, ತೋಡಿನ ಹೆಸರು, ಕಟ್ಟ ಹಾಕುವ ಜಾಗದ ಎರಡೂ ದಡದ ಸರ್ವೆ ನಂಬರು. ಹೆಸರಿಗಿಂತ ಸರ್ವೆ ನಂಬರನ್ನೇ ನಂಬಿ: ಒಂದೇ ತೋಡಿಗೆ ಮೇಲಿನವರು ಒಂದು ಹೆಸರು, ಕೆಳಗಿನವರು ಇನ್ನೊಂದು ಹೆಸರು ಹೇಳುತ್ತಾರೆ, ಮಲಯಾಳದ ಕಡತಕ್ಕೆ ಹೋಗುವಾಗ ಮೂರನೆಯದೊಂದು ಹುಟ್ಟಿಕೊಳ್ಳುತ್ತದೆ. ವಿಸ್ತೀರ್ಣವನ್ನು ಎಕ್ರೆ-ಸೆಂಟಿನಲ್ಲಿ ಬರೆದರೆ ಪಕ್ಕದಲ್ಲಿ ಹೆಕ್ಟೇರನ್ನೂ ಬರೆಯಿರಿ (1 ಹೆಕ್ಟೇರ್ ಅಂದರೆ ಸುಮಾರು 2.47 ಎಕ್ರೆ). ಆಮೇಲೆ ಮೇಲೆ ಹೇಳಿದ ಅಳತೆಗಳು, ಬಾವಿಗಳ ಪಟ್ಟಿ, ಮನೆಗಳ ಸಂಖ್ಯೆ, ತೋಟದ ವಿಸ್ತೀರ್ಣ.

ಇದಕ್ಕೆ ಒಪ್ಪಿಗೆ ಪತ್ರಗಳನ್ನು ಲಗತ್ತಿಸಿ. ತೋಡು ಪುರಂಬೋಕು, ಅಂದರೆ ಯಾರ ಖಾಸಗಿ ಜಾಗವೂ ಅಲ್ಲ, ಅಂಥ ಜಲಮೂಲಗಳು ಪಂಚಾಯತಿಗೆ ಸೇರಿದವು. ಆದರೆ ಕಟ್ಟದ ಕೊನೆಗಳು ಊರುವುದು ಖಾಸಗಿ ದಡದಲ್ಲಿ, ಕಲ್ಲು-ಗೋಣಿ ಹೊರುವ ದಾರಿ ಹೋಗುವುದು ಯಾರದೋ ತೋಟದಲ್ಲಿ. ದಡದ ಇಬ್ಬರು ಮಾತ್ರವಲ್ಲ, ನೀರು ಹಿಂದಕ್ಕೆ ನಿಲ್ಲುವ ಅಷ್ಟೂ ಉದ್ದದ ಜಾಗದವರಿಂದಲೂ ಪತ್ರ ತೆಗೆದುಕೊಳ್ಳಿ, ತೀರ್ವೆ (ಭೂಕಂದಾಯ) ರಶೀದಿಯ ಪ್ರತಿಯೊಂದಿಗೆ. ಹೆಚ್ಚಿನ ಕಟ್ಟಗಳು ನಿಂತುಹೋಗುವುದು ದುಡ್ಡಿಲ್ಲದೆ ಅಲ್ಲ. ಎಲ್ಲ ಸಿದ್ಧವಾದ ಮೇಲೆ ಮೇಲಿನ ತೋಟದವರು "ನಮ್ಮ ಅಡಿಕೆ ಬುಡದಲ್ಲಿ ನೀರು ನಿಂತರೆ?" ಎಂದು ಕೇಳಿದಾಗ. ಕೇಳುವುದು ನ್ಯಾಯವೇ, ಬೇರು ಸದಾ ನೀರಲ್ಲಿದ್ದರೆ ಅಡಿಕೆ ಮರ ಸೊರಗುತ್ತದೆ. ಕಟ್ಟದ ಮೇಲ್ಮಟ್ಟ ಅತಿ ತಗ್ಗಿನ ದಡಕ್ಕಿಂತ ಒಂದೂವರೆ ಅಡಿ ಕೆಳಗೆ ಎಂದು ಪತ್ರದಲ್ಲೇ ಬರೆದು, ಆ ಮಟ್ಟಕ್ಕೆ ಬಂಡೆಗೋ ಮರಕ್ಕೋ ಪೈಂಟಿನಲ್ಲಿ ಗೆರೆ ಎಳೆದುಬಿಡಿ.

ಕೊನೆಯ ಸಾಲು ನಿರ್ವಹಣೆಯದ್ದು. ಶಾಶ್ವತ ಹಲಗೆ ಕಟ್ಟ, ಅಂದರೆ ಕಾಂಕ್ರೀಟು ಕಂಬಗಳ ನಡುವಿನ ಕಿಂಡಿಗೆ ಹಲಗೆ ಇಳಿಸುವ, ಎಲ್ಲರೂ ವಿಸಿಬಿ (ವೆಂಟೆಡ್ ಕ್ರಾಸ್ ಬಾರ್) ಎನ್ನುವುದನ್ನು, ಕೇಳುವುದಾದರೆ ಈ ಸಾಲು ಇಲ್ಲದೆ ಕೇಳಲೇಬಾರದು. ಕಾಂಕ್ರೀಟು ಕಂಬಗಳು ನಿಂತು, ಹಲಗೆ ಮಾಯವಾಗಿ, ನೀರು ನಡುವಿನಿಂದ ಹಾಯಾಗಿ ಹೋಗುವ ದೃಶ್ಯ ಈ ಜಿಲ್ಲೆಯಲ್ಲಿ ಹುಡುಕಬೇಕಾಗಿಲ್ಲ. ಐದು ಜನರ ಹೆಸರು, ಹಲಗೆ ಇಡುವ ಮನೆಯ ಹೆಸರು ಬರೆಯಿರಿ.

ತೋಡು ಎರಡು ಪಂಚಾಯತಿನ ಗಡಿಯಾಗಿದ್ದರೆ ಗ್ರಾಮ ಪಂಚಾಯತು ಒಂದೇ ಮುಂದೆ ಹೋಗಲು ಹಿಂಜರಿಯುತ್ತದೆ. ಆಗ ಅದೇ ಪುಟವನ್ನು ಎರಡೂ ವಾರ್ಡಿನ ಗ್ರಾಮಸಭೆಯಲ್ಲಿ ಮಂಡಿಸಿ, ಬ್ಲಾಕ್ ಪಂಚಾಯತು ಮೆಂಬರಿಗೆ ಕೊಡಿ.

ಭಾಷೆಯ ವಿಷಯ

ಎಣ್ಮಕಜೆ, ಪುತ್ತಿಗೆ, ಪೈವಳಿಕೆ, ವರ್ಕಾಡಿ, ಮೀಂಜ, ಬೆಳ್ಳೂರು ಎಲ್ಲ ಕಡೆ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಛೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ಆದರೆ ಅಂಕಿ, ಸರ್ವೆ ನಂಬರು, ಅಳತೆಗಳನ್ನು ಒಂದು ಪ್ರತ್ಯೇಕ ಕೋಷ್ಟಕದಲ್ಲಿ ಕೊಡಿ. ಕನ್ನಡ ಓದಲು ಬಾರದ ಎಂಜಿನಿಯರ್ ವರ್ಗವಾಗಿ ಬಂದರೂ ಕೋಷ್ಟಕ ಅರ್ಥವಾಗುತ್ತದೆ. ಹಕ್ಕು ಬಿಟ್ಟುಕೊಟ್ಟಂತೆಯೂ ಆಗುವುದಿಲ್ಲ, ಕಡತ ನಿಲ್ಲುವುದೂ ಇಲ್ಲ.

ಸಭೆ ಮುಗಿಯುವ ಮೊದಲು ನಿರ್ಣಯವನ್ನು ಓದಿ ಹೇಳಿಸಿಕೊಳ್ಳಿ. ಮಲಯಾಳದಲ್ಲಿ ಬರೆದಿದ್ದರೆ ಓದಬಲ್ಲವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. "ನೀರಿನ ಸಮಸ್ಯೆ ಚರ್ಚಿಸಲಾಯಿತು" ಎಂದಿದ್ದರೆ ತಿದ್ದಿಸಿ. "ಸರ್ವೆ ನಂಬರು ಇಂತಿಷ್ಟರಲ್ಲಿ ಕಟ್ಟ ನಿರ್ಮಿಸಲು ಶಿಫಾರಸು ಮಾಡಲಾಯಿತು" ಎಂದಿರಬೇಕು. ಅರ್ಜಿಗೆ ರಶೀದಿ ಪಡೆದಿರಿ. ಮುಂದೇನಾಯಿತೆಂದು ತಿಳಿಯದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದೊಂದಿಗೆ ನಿರ್ಣಯದ ನಕಲು, ವರ್ಕಿಂಗ್ ಗ್ರೂಪಿನ ಮಿನಿಟ್ಸ್ ಕೇಳಿ. ಉತ್ತರಕ್ಕೆ 30 ದಿನ.

ಈ ವರ್ಷಕ್ಕೆ ಗೋಣಿ ಕಟ್ಟ

ಯೋಜನೆ ಮಂಜೂರಾಗುವುದು ಮುಂದಿನ ವರ್ಷ. ಅಲ್ಲಿಯವರೆಗೆ ಕೈಕಟ್ಟಿ ಕೂರುವ ಬದಲು ಅದೇ ಜಾಗದಲ್ಲಿ ಗೋಣಿಯ ತಾತ್ಕಾಲಿಕ ಕಟ್ಟ ಹಾಕಿದರೆ ಬಾವಿಗಳ ಅಂಕಿಯೂ ಸಿಗುತ್ತದೆ, ಊರವರು ಸೇರುತ್ತಾರೆಂದು ಪಂಚಾಯತಿಗೂ ಗೊತ್ತಾಗುತ್ತದೆ. ಕಲ್ಲು-ಮಣ್ಣಿನ ಹಳೆಯ ಕಟ್ಟವೇ ಚಂದ, ಆದರೆ ಆ ಕೆಲಸ ಬಲ್ಲವರು ಈಗ ಕಮ್ಮಿ, ಆಳೂ ಹೆಚ್ಚು ಬೇಕು. ತೋಡಿನಲ್ಲಿ ಕೆಲಸಕ್ಕಿಳಿಯುವ ಮೊದಲು ಪಂಚಾಯತಿಗೆ ಬರೆದು ತಿಳಿಸಿ. ಗೋಣಿಗೆ ಮಣ್ಣು-ಹೊಯಿಗೆ (ಮರಳು) ಎಲ್ಲಿಂದ ತೆಗೆಯುವುದೆಂದೂ ಕೇಳಿಕೊಳ್ಳಿ, ಹೊಯಿಗೆ ತೆಗೆಯುವುದಕ್ಕೆ ನಿರ್ಬಂಧಗಳಿವೆ.

6 ಮೀಟರ್ ಅಗಲ, 1.2 ಮೀಟರ್ ಎತ್ತರ, ತಳದ ದಪ್ಪ 1.8 ಮೀಟರ್, ತುದಿಯ ದಪ್ಪ 60 ಸೆಂಟಿಮೀಟರ್. ತಳದ ದಪ್ಪ ಎತ್ತರದ ಒಂದೂವರೆ ಪಾಲಿಗಿಂತ ಕಮ್ಮಿಯಾಗಬಾರದು. ಇದರ ಗಾತ್ರ 8.6 ಘನ ಮೀಟರ್. ಖಾಲಿ ಸಿಮೆಂಟು ಚೀಲವನ್ನು ಮೂರರಲ್ಲಿ ಎರಡು ಪಾಲು ತುಂಬಿಸಿದರೆ ಘನ ಮೀಟರಿಗೆ 40 ಚೀಲ ಹಿಡಿಯುತ್ತವೆ. ಅಲ್ಲಿಗೆ 350, ಎರಡು ದಡದೊಳಗೆ ಊರುವುದಕ್ಕೆ 60, ನೀರು ಬೀಳುವ ಕಡೆಗೂ ಹರಿದು ಹಾಳಾಗುವ ಚೀಲಗಳ ಬದಲಿಗೂ 40. ಒಟ್ಟು 450 ಚೀಲ, 11 ಘನ ಮೀಟರ್ ಅಥವಾ 400 ಘನ ಅಡಿಯಷ್ಟು ಮಣ್ಣು. ಇಬ್ಬರು ಗಂಟೆಗೆ 15 ಚೀಲ ತುಂಬಿಸಿ ಹೊಲಿದಾರು. ಮೂರು ಜೋಡಿಗೆ 10 ಗಂಟೆಯ ಕೆಲಸ. ಆದ್ದರಿಂದ ತುಂಬಿಸಲು ಒಂದು ದಿನ, ಇಡಲು ಇನ್ನೊಂದು ದಿನ, 15ರಿಂದ 20 ಜನ. ಒಂದೇ ದಿನದಲ್ಲಿ ಮುಗಿಸುತ್ತೇವೆಂದು ಹೊರಟವರು ಸಂಜೆಗೆ ಅರ್ಧ ಕಟ್ಟ ಬಿಟ್ಟು ಹೋಗುತ್ತಾರೆ, ರಾತ್ರಿ ನೀರು ಉಳಿದರ್ಧವನ್ನು ತಳ್ಳುತ್ತದೆ.

ಚೀಲ ಪೂರ್ತಿ ತುಂಬಿಸಬೇಡಿ. ಬಿರಿಯುವಷ್ಟು ತುಂಬಿದ ಚೀಲ ಉರುಟಾಗಿ ನಿಂತು ಪಕ್ಕದ್ದಕ್ಕೆ ಅಂಟಿಕೊಳ್ಳುವುದಿಲ್ಲ, ಸಂದಿನಿಂದ ನೀರು ಸೋರುತ್ತದೆ. ಬರೀ ಹೊಯಿಗೆಗಿಂತ ಕೆಂಪು ಮಣ್ಣು ಬೆರೆತದ್ದು ಮೇಲು.

ಮೊದಲು ತಳದ ಸಡಿಲ ಹೊಯಿಗೆ, ತರಗೆಲೆ, ಬೇರು ತೆಗೆದು ಗಟ್ಟಿ ನೆಲ ಕಾಣಿಸಿ. ಮೇಲ್ಬದಿಯಲ್ಲಿ ಅಡ್ಡಕ್ಕೆ ಒಂದು ಅಡಿ ಆಳದ ಚಡಿ ತೋಡಿ. ಎರಡೂ ದಡವನ್ನು ಎರಡು ಅಡಿ ಒಳಕ್ಕೆ ಕಡಿದು ಚೀಲದ ಸಾಲು ಅಲ್ಲಿಂದಲೇ ಶುರುವಾಗಲಿ. ಕೆಲಸದ ಹೊತ್ತಿಗೆ ನೀರು ಹೋಗಲು ತಳದಲ್ಲಿ ಆರಿಂಚಿನ ಪಿವಿಸಿ ಪೈಪು ಒಂದೆರಡು ಇಟ್ಟು, ಮೇಲ್ಬದಿಗೆ ಮುಚ್ಚಳ ಹಾಕಲು ಬರುವಂತೆ ಅರ್ಧ ಮೀಟರ್ ಹೊರಗೆ ಬಿಡಿ. ಇಟ್ಟಿಗೆ ಕಟ್ಟುವ ಹಾಗೆ ಮೇಲಿನ ಚೀಲ ಕೆಳಗಿನ ಎರಡರ ಸಂದಿಯ ಮೇಲೆ ಬರಬೇಕು, ಹೊಲಿದ ಬಾಯಿ ಒಳಮುಖವಾಗಿರಬೇಕು. ಪ್ರತಿ ಸಾಲನ್ನೂ ತುಳಿದು ಚಪ್ಪಟೆ ಮಾಡಿ ಸಂದಿಗೆ ಕಲಸಿದ ಮಣ್ಣು ಮೆತ್ತಿ.

ಮೇಲ್ಬದಿಗೆ ಟರ್ಪಾಲು. 30 ಅಡಿ ಉದ್ದ, 12 ಅಡಿ ಅಗಲದ್ದು ಈ ಅಳತೆಗೆ ಸಾಕು: ಬುಡ ಚಡಿಯೊಳಗೆ ಇಳಿದು ಮಣ್ಣಿನಲ್ಲಿ ಹುಗಿಯಬೇಕು, ಮುಂದಕ್ಕೆ ಒಂದು ಮೀಟರ್ ತಳದ ಮೇಲೆ ಹಾಸಿರಬೇಕು, ತುದಿ ಮೇಲಿನ ಸಾಲಿನ ಅಡಿಗೆ ಸಿಕ್ಕಿಸಬೇಕು. ಟರ್ಪಾಲು ಹಾಸಿಯೂ ಸೋರಿದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಈ ಬುಡದಲ್ಲಿರುತ್ತದೆ. ನಡುವಿನ ಎರಡೂವರೆ ಮೀಟರ್ ಭಾಗವನ್ನು ಎರಡು ಚೀಲ ತಗ್ಗಿಸಿ, ಹೆಚ್ಚಿನ ನೀರು ಅಲ್ಲೇ ಇಳಿಯಲಿ. ಹಾಗೆ ತಗ್ಗಿಸದ ಕಟ್ಟದಲ್ಲಿ ನೀರು ದಡದ ಕಡೆ ದಾರಿ ಹುಡುಕಿ ಮೂಲೆ ಕೊರೆಯುತ್ತದೆ. ನೀರು ಬೀಳುವಲ್ಲಿ ಕಲ್ಲು ಹಾಸಿ.

ಪೈಪಿಗೆ ಮುಚ್ಚಳ ಹಾಕಿದ ಮೇಲೆ ಮೊದಲ ಒಂದು ವಾರ ದಿನಾ ನೋಡಬೇಕು. ಕೆಳಬದಿಯಲ್ಲಿ ತಿಳಿನೀರು ಜಿನುಗಿದರೆ ಚಿಂತೆಯಿಲ್ಲ. ಕೆಂಪು ನೀರು ಬಂದರೆ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ಆ ದಿನವೇ ಮೇಲ್ಬದಿಯಲ್ಲಿ ಬಾಯಿ ಹುಡುಕಿ ಮುಚ್ಚಿ. ದಡದ ಏಡಿ ಮಾಟೆಗಳು (ಬಿಲಗಳು) ದೊಡ್ಡ ಕಳ್ಳದಾರಿ. ಅವನ್ನು ಕಲ್ಲು ತುರುಕಿ ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ಹುಟ್ಟುತ್ತದೆ. ಅಗೆದು ಬುಡದವರೆಗೆ ಕಲಸಿದ ಮಣ್ಣು ಒತ್ತಬೇಕು.

ದಿನ ಯಾವುದು? ತುಲಾಮಳೆ (ಹಿಂಗಾರು) ನಿಂತು ತೋಡು ತಿಳಿಯಾದ ಕೂಡಲೇ, ಸಾಮಾನ್ಯವಾಗಿ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವೆ. ಬೇಗ ಕಟ್ಟಿದರೆ ಒಂದು ಜಡಿಮಳೆಗೆ ಹೋಗುತ್ತದೆ, ಜನವರಿಗೆ ದೂಡಿದರೆ ಮೇಲಿನ ಲೆಕ್ಕದ 5 ಲೀಟರಿನ ಕತೆ. ಒಂದೇ ತೋಡಿಗೆ ಹಲವು ಕಟ್ಟ ಇದ್ದರೆ ಒಂದೇ ವಾರದಲ್ಲಿ ಮುಗಿಸುವುದೆಂದು ಮೊದಲೇ ಮಾತಾಗಿರಲಿ. ಕೆಳಗಿನವರು ನೀರು ಕಾಣದೆ ಜಗಳಕ್ಕೆ ಬರುವುದು ತಪ್ಪುತ್ತದೆ.

ಕಟ್ಟಕ್ಕೇ ಪಂಪ್ ಇಳಿಸಿ ಎಳೆಯುವುದನ್ನು ಎಲ್ಲರೂ ಒಪ್ಪಿ ನಿಲ್ಲಿಸಬೇಕು, ಆಗದಿದ್ದರೆ ಸರದಿಯಾದರೂ ಇರಲಿ. ಇಬ್ಬರ ಮೋಟಾರು ರಾತ್ರಿಯಿಡೀ ಓಡಿದರೆ ಮಟ್ಟ ಇಳಿದು, ದಡಕ್ಕೆ ಇಳಿಯಬೇಕಾದ ನೀರು ಇಳಿಯದೆ, ದೂರದ ಬಾವಿಯವರು ಮುಂದಿನ ವರ್ಷ ಶ್ರಮದಾನಕ್ಕೆ ಬರುವುದಿಲ್ಲ.

ಹಲಗೆ ಕಟ್ಟ ಈಗಾಗಲೇ ಇದ್ದರೆ

ಕಂಬದ ಗಾಡಿಯಲ್ಲಿ (ಹಲಗೆ ಇಳಿಸುವ ಸೀಳಿನಲ್ಲಿ) ತುಂಬಿದ ಹೊಯಿಗೆಯನ್ನು ಸಲಾಕೆಯಿಂದ ತೆಗೆದು, ತಳದ ಹಲಗೆ ನೆಲಕ್ಕೆ ಪೂರ್ತಿ ಕೂರುವಂತೆ ಮಾಡಿ. ಎರಡು ಗಾಡಿ ಇದ್ದರೆ ಎರಡು ಸಾಲು ಹಲಗೆ ಹಾಕಿ ನಡುವೆ ಜಿಗುಟು ಮಣ್ಣು ತುಂಬಿ ತುಳಿಯಬೇಕು. ಒಂದೇ ಸಾಲು ಹಾಕಿ ಟರ್ಪಾಲು ಹೊದಿಸುವುದು ಸುಲಭ, ಸೋರುವುದೂ ಅಷ್ಟೇ ಸುಲಭ. ಹಲಗೆಗಳಿಗೆ ಕಿಂಡಿಯ ಸಂಖ್ಯೆ, ಸಾಲಿನ ಸಂಖ್ಯೆ ಪೈಂಟಿನಲ್ಲಿ ಬರೆಯಿರಿ. ಕಂಬಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಇರುವುದಿಲ್ಲ, ಒಂದು ಕಿಂಡಿಯ ಹಲಗೆ ಇನ್ನೊಂದಕ್ಕೆ ಗಿಡ್ಡವಾಗುತ್ತದೆ.

ಬಿಚ್ಚುವುದು

ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸುವ ಪತ್ತನಾಜೆಯ ಒಳಗೆ, ಅಂದರೆ ಮೇ 24-25ರ ಒಳಗೆ, ಬಿಚ್ಚಿ ಮುಗಿಸಬೇಕು. ಮೇ ನಡುವಿನಲ್ಲೇ ದೊಡ್ಡ ಮಳೆಯ ಸೂಚನೆ ಕಂಡರೆ ಕಾಯಬೇಡಿ. ಮೊದಲು ಪೈಪಿನ ಮುಚ್ಚಳ ತೆಗೆದು ನೀರು ಇಳಿಸಿ, ಆಮೇಲೆ ನಡುವಿನಿಂದ ಮೇಲಿನ ಸಾಲುಗಳನ್ನು ತೆಗೆಯಿರಿ. ತುಂಬಿದ ಕಟ್ಟವನ್ನು ಒಮ್ಮೆಲೇ ಒಡೆದರೆ ಕೆಳಗಿನ ಕಟ್ಟ, ಪಂಪ್ ಶೆಡ್ಡು ಸಹಿತ ಹೋದೀತು. ಬಿಚ್ಚದೆ ಬಿಟ್ಟ ಕಟ್ಟ ಜೂನಿನ ನೆರೆಯನ್ನು ತೋಟಕ್ಕೆ ತಿರುಗಿಸುತ್ತದೆ. ಬಿಸಿಲಿಗೆ ಆರು ತಿಂಗಳು ಇದ್ದ ಪ್ಲಾಸ್ಟಿಕ್ ಚೀಲ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ, ಅದರ ಚೂರು ಬೇರುಗಳಿಗೆ ಸುತ್ತಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ 450 ಚೀಲ ಇಟ್ಟಿದ್ದರೆ 450 ಚೀಲ ಎಣಿಸಿ ದಡಕ್ಕೆ ಹಾಕಿ, ಮಣ್ಣನ್ನು ತೋಟಕ್ಕೆ ಸುರಿದು, ಹರಿದ ಚೀಲಗಳನ್ನು ವಾರ್ಡಿನಲ್ಲಿ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಕೊಡಿ. ಹಲಗೆಗಳನ್ನು ತೊಳೆದು ನೆರಳಲ್ಲಿ ಒಣಗಿಸಿ, ಗೇರೆಣ್ಣೆ ಬಳಿದು, ನೆಲಕ್ಕೆ ತಾಗದಂತೆ ಅಡ್ಡ ಮರದ ಮೇಲೆ ಪೇರಿಸಿ. ಎಷ್ಟು ಹಲಗೆ ಒಳಗೆ ಹೋಯಿತೆಂದು ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಹಾಕಿ. ಅದರ ಒಂದು ನಕಲು, ಏಪ್ರಿಲ್‌ನಲ್ಲಿ ಅಳೆದ ಬಾವಿಗಳ ಆಳದ ಜೊತೆ, ಮುಂದಿನ ಗ್ರಾಮಸಭೆಯ ಕಡತಕ್ಕೆ.